ದೀಪಾವಳಿಗೆ ಏರಿದ ಶುಗರ್

ತಿರುವಲ್ಲಿಕ್ಕೇಣಿ, ಚೆನ್ನೈ
ನವೆಂಬರ್ 2, 2003, ಭಾನುವಾರ

ನಮಿತಾಳ ಅಪ್ಪನಿಗೆ,

ಸುಮೇಧಾಳ ನಮಸ್ಕಾರ. ಬೇರೆ ಏನೆಂದು ಕರೆದು ಶುರು ಮಾಡಬೇಕೋ ತಿಳಿಯಲಿಲ್ಲ. ಫೋನಿನಲ್ಲಿ ಹೇಳಿದರೆ ಎರಡನೇ ಮಾತಿಗೇ ಜಗಳವಾಗುತ್ತದೆ. ಅದಕ್ಕೇ ಕಾಗದ. ಅರ್ಧಕ್ಕೆ ಮಡಚಿಡದೆ ಕೊನೆಯವರೆಗೂ ಓದಿ.

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಅಮ್ಮ ಈಗ ಮನೆಯಲ್ಲಿದ್ದಾರೆ, ಸುಧಾರಿಸಿಕೊಂಡಿದ್ದಾರೆ. ಬುಧವಾರ ಆಸ್ಪತ್ರೆಯಿಂದ ಕರೆತಂದೆವು. ಆಸ್ಪತ್ರೆಯ ಸುದ್ದಿ ನಿಮಗೆ ಹೊಸದಾಗಿದ್ದರೆ, ದೀಪಾವಳಿಯ ಸಂಜೆ ನಾನು ಕೊಯಮತ್ತೂರಿಗೆ ಮಾಡಿದ ಫೋನಿನ ವಿಷಯ ನಿಮ್ಮನ್ನು ಮುಟ್ಟಿಲ್ಲವೆಂದು ತಿಳಿಯುತ್ತೇನೆ. ನಿಮ್ಮ ಮೊಬೈಲ್ ಆಫ್ ಆಗಿತ್ತು. ನಿಮ್ಮ ಆರೋಗ್ಯ ಕೇಂದ್ರದಲ್ಲಿ ವಾಚ್‌ಮನ್ ತೆಗೆದು, ಸಾರ್ ಊಟಿಯಲ್ಲಿ ಕ್ಯಾಂಪ್ ನಡೆಸುತ್ತಿದ್ದಾರೆ ಎಂದ. ಹೇಳುತ್ತೇನೆ ಎಂದೂ ಅಂದ. ಹೇಳಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳಿಯೂ ನೀವು ಬಾರದೆ ಇದ್ದಿರಬಹುದು ಎಂಬ ಯೋಚನೆಯೂ ನನಗೆ ಬಂತು. ಬಂದದ್ದನ್ನು ಬಂತೆಂದೇ ಬರೆಯುತ್ತಿದ್ದೇನೆ.

ನವರಾತ್ರಿಯಿಂದ ಹೇಳಬೇಕು. ಅಮ್ಮನ ಶುಗರ್ ಎರಡು ವರ್ಷದಿಂದ ಹತೋಟಿಯಲ್ಲಿತ್ತು, ನಿಮಗೇ ಗೊತ್ತು. ನೀವು ಮನೆ ಬಿಟ್ಟು ಹೋದ ಮೇಲೆ ನಾನು ಅಡುಗೆಮನೆಯನ್ನು ಇನ್ನೂ ಬಿಗಿ ಮಾಡಿದ್ದೆ. ಬೆಳಿಗ್ಗೆ ರಾಗಿ ದೋಸೆ, ಮಧ್ಯಾಹ್ನ ಸ್ವಲ್ಪ ಅನ್ನದ ಜೊತೆ ತಟ್ಟೆ ತುಂಬ ಪಲ್ಯ, ಕೀರೆ ಸೊಪ್ಪು, ತೆಳು ಮಜ್ಜಿಗೆ. ಕಾಫಿಗೆ ಸಕ್ಕರೆ ಇಲ್ಲ. ಹಬ್ಬ ಬಂತೆಂದು ಸಡಿಲ ಬಿಡಲಿಲ್ಲ. ಗೊಂಬೆ ನೋಡಲು ಬಂದವರಿಗೂ ಕಡಲೆ ಉಸಲಿಯನ್ನೇ ಕೊಟ್ಟೆ, ಎಣ್ಣೆ ಒಂದೇ ಚಮಚ. ಎದುರುಮನೆಯವರು ತಿಂದು, ಉಸಲಿ ಬಹಳ ಆರೋಗ್ಯವಾಗಿದೆ ಎಂದರು. ರುಚಿಯಾಗಿದೆ ಎನ್ನಲಿಲ್ಲ, ಇರಲಿ.

ಇಷ್ಟಿದ್ದೂ ವಿಜಯದಶಮಿ ಮುಗಿದ ವಾರ ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್ ಏರಿಹೋಗಿತ್ತು. ಡಾಕ್ಟರ್ ಪದ್ಮನಾಭ ರಿಪೋರ್ಟನ್ನು ನನ್ನ ಕಡೆ ತಿರುಗಿಸಿ, ಮನೆಯಲ್ಲಿ ಏನು ಕೊಡ್ತಿದೀರಿ ಎಂದು ಕೇಳಿದರು, ನಾನೇ ಜಿಲೇಬಿ ಕರಿದು ಹಾಕುತ್ತಿರುವ ಹಾಗೆ. ಅಮ್ಮ ಪಕ್ಕದಲ್ಲಿ ಕುಳಿತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಪರೀಕ್ಷೆಯ ಕೊಠಡಿಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದು ಹಿಡಿದು ನನ್ನ ಕಣ್ಣು ಹೇಗಾಗಿದೆ ಎಂದು ನೀವು ಗೇಲಿ ಮಾಡುತ್ತಿದ್ದಿರಿ. ಆ ಕಣ್ಣನ್ನು ಈಗ ಅಮ್ಮನ ಮೇಲೆ ಇಟ್ಟೆ. ಬೇರೆಯವರ ಮನೆಯ ಗೊಂಬೆಗೆ ಹೋದಾಗ ಕೊಟ್ಟ ಸಿಹಿಯನ್ನು ಅವರು ಕಾಗದದಲ್ಲಿ ಸುತ್ತಿ ನಮಿತಾಗೆ ತರುತ್ತಿದ್ದರು. ಎಲ್ಲವನ್ನೂ ತರುತ್ತಿದ್ದರೋ, ದಾರಿಯಲ್ಲಿ ಒಂದೆರಡು ಖಾಲಿಯಾಗುತ್ತಿದ್ದವೋ? ದಿನಾ ಸಂಜೆ ದೇವಸ್ಥಾನದ ಕೊಳದ ಸುತ್ತ ನಡೆಯಲು ಹೋಗುತ್ತಾರಲ್ಲ, ಮೊದಲು ಅರ್ಧ ಗಂಟೆಗೆ ಬರುತ್ತಿದ್ದವರು ಈಗ ಒಂದು ಗಂಟೆ ಕಳೆದರೂ ಬರುತ್ತಿರಲಿಲ್ಲ. ಕೇಳಿದರೆ, "ಗಾಳಿ ಚೆನ್ನಾಗಿತ್ತು ಮಾ, ಹಾಗೇ ಕೂತ್ಕೊಂಡೆ," ಎನ್ನುತ್ತಿದ್ದರು. ಚೆನ್ನೈಯಲ್ಲಿ ಅಕ್ಟೋಬರ್ ತಿಂಗಳಿನ ಆ ಸೆಕೆಯಲ್ಲಿ ಗಾಳಿ ಎಲ್ಲಿಂದ ಬಂತು?

ಒಂದು ಸಂಜೆ ಹಿಂದೆಯೇ ಹೋದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅಮ್ಮ ಕೊಳದ ಸುತ್ತ ಒಂದು ಸುತ್ತು ಹಾಕಿ, ನೇರ ಮೂಲೆಯ ಮೋನಪ್ಪನ ಹೋಟೆಲಿಗೆ ಹೋದರು. ಗಾಜಿನ ಬೀರುವಿನಲ್ಲಿ ಆಗಲೇ ದೀಪಾವಳಿಯ ಸಿಹಿಗಳ ರಾಶಿ ಬಿದ್ದಿತ್ತು. ನನಗೆ ಅಷ್ಟೇ ಸಾಕಾಯಿತು. ಮಾರನೆಯ ದಿನ ಸ್ಕೂಲಿನಿಂದ ಬರುವಾಗ ಹೋಟೆಲಿಗೆ ಹೋಗಿ ಮೋನಪ್ಪನನ್ನು ಹಿಡಿದುಕೊಂಡೆ. ವಯಸ್ಸಾದವರಿಗೆ ಹೀಗೆ ಮಾಡಬಹುದಾ ಎಂದು ಗಿರಾಕಿಗಳ ಎದುರಿಗೇ ಕೇಳಿದೆ.

ಅವನು ಕೈಯನ್ನು ಟವಲಿಗೆ ಒರೆಸಿಕೊಂಡು ನನ್ನನ್ನೇ ನೋಡಿದ. "ಎಂಥ ಹೇಳ್ತೀರಿ ಟೀಚರೇ? ಶುಗರ್ ಉಂಟು ಅಂತ ಗೊತ್ತಿದ್ದೂ ನಾನು ಅವರಿಗೆ ಸ್ವೀಟ್ ಕೊಡ್ತೇನಾ? ಅವರು ಇಲ್ಲಿ ಬರುವುದು ಫೋನ್ ಮಾಡ್ಲಿಕ್ಕೆ. ಮಗನಿಗೆ. ದಿನಾಲೂ. ಮತ್ತೆ ಬಿಸಿನೀರು ಕುಡಿದು ಸ್ವಲ್ಪ ಹೊತ್ತು ಕೂತು ಹೋಗ್ತಾರೆ, ಅಷ್ಟೆ."

ನನ್ನ ಮುಖ ಹೇಗಾಯಿತೋ. ಅವನು ಪಾಪ, ಕೇಳದೆಯೇ ಒಂದು ಕಾಫಿ ತಂದಿಟ್ಟ. ಕುಡಿಯದೆ ಬಂದೆ.

ಮನೆಯಲ್ಲಿ ಫೋನ್ ಇರುವಾಗ ಹೋಟೆಲಿಗೆ ಹೋಗಿ ಮಾತಾಡುವುದೆಂದರೆ ಏನರ್ಥ? ನಾನು ಕೇಳಬಾರದ ಮಾತು ಅಂತಲೇ ಅಲ್ಲವೇ? ಅಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮನನ್ನು ನೇರವಾಗಿ ಕೇಳಿದೆ. ಮೊದಲು ಬೆಚ್ಚಿದರು. ಆಮೇಲೆ ತಲೆ ಎತ್ತಿ, "ಹೌದು, ಸಂಜು ಜೊತೆ ದಿನಾ ಮಾತಾಡ್ತೀನಿ. ಊಟ ಆಯ್ತಾ, ನಡೆದೆಯಾ, ಎಲ್ಲ ಕೇಳ್ತಾನೆ. ಮಗ ಅಲ್ಲವಾ ಮಾ," ಎಂದರು. ಹೇಳುವಾಗ ಅವರ ಮುಖದಲ್ಲಿ ಒಂದು ಹೆಮ್ಮೆ ಇತ್ತು. ಫೆಬ್ರವರಿಯಿಂದ ಈ ಮನೆಗೆ ನಿಮ್ಮ ಒಂದು ಫೋನೂ ಬಂದಿಲ್ಲ, ನಮಿತಾಳ ಹುಟ್ಟುಹಬ್ಬಕ್ಕೆ ಬಂದದ್ದು ಬಿಟ್ಟರೆ. ಅಮ್ಮನ ಜೊತೆ ಮಾತ್ರ ದಿನಾ ಮಾತು.

ಆಮೇಲೆ ನನ್ನ ಅನುಮಾನ ನಿಮ್ಮ ಮೇಲೆ ತಿರುಗಿತು. ನೀವು ಪ್ರತಿ ತಿಂಗಳೂ ಅಮ್ಮನಿಗೆ ಕೊರಿಯರಿನಲ್ಲಿ ಕಳಿಸುವ ಹಸಿರು ಪುಡಿಯ ಡಬ್ಬಿ, ಅದರ ಜೊತೆಗಿನ ನಿಮ್ಮ ಕೇಂದ್ರದ ಅಚ್ಚಾದ ಕಾಗದ. ಈ ಸಲದ್ದು 'ಹಬ್ಬಗಳಲ್ಲಿ ಆರೋಗ್ಯ'. ನಿಜ ಹೇಳಬೇಕೆಂದರೆ ಅದರಲ್ಲಿ ಒಳ್ಳೆಯ ಮಾತೂ ಇತ್ತು. ಹಬ್ಬದ ಮನೆಗೆ ಹಸಿದುಕೊಂಡು ಹೋಗಬೇಡಿ, ಮೊದಲೇ ಒಂದು ಲೋಟ ಮಜ್ಜಿಗೆ ಕುಡಿದು ಹೋಗಿ ಎಂದಿತ್ತು. ನಾನೂ ಹಾಗೇ ಮಾಡಿದೆ, ಗೊಂಬೆ ಮನೆಗಳಲ್ಲಿ ಕೈ ಬಹಳ ಹಿಡಿತದಲ್ಲಿತ್ತು. ಉಂಡ ತಕ್ಷಣ ಮಲಗಬೇಡಿ, ಕರಿದದ್ದರಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಳ್ಳಿ ಎಂದೂ ಇತ್ತು. ಆದರೆ ಕೆಳಗಿನ ಸಾಲು ನೋಡಿದೆ. ನಮ್ಮ ಪುಡಿಯನ್ನು ಮೂರು ತಿಂಗಳು ತಪ್ಪದೆ ಕುಡಿದರೆ ಮಾತ್ರೆಗಳ ಅಗತ್ಯ ತಾನಾಗಿ ಕಡಿಮೆಯಾಗುತ್ತದಂತೆ. ಯಾರು ಹೇಳಿದರು ನಿಮಗೆ ಇದನ್ನು? ಆಫೀಸಿನ ಕೆಲಸ ಬಿಟ್ಟು ಒಂದು ವರ್ಷವೂ ಆಗಿಲ್ಲ, ಅಷ್ಟರಲ್ಲಿ ಮಾತ್ರೆ ಬಿಡಿಸುವ ಡಾಕ್ಟರ್ ಆದಿರಾ?

ಡಬ್ಬಿಯನ್ನು ಡಾಕ್ಟರ್ ಪದ್ಮನಾಭ ಅವರಿಗೆ ತೋರಿಸಿದೆ. ಮೂಸಿ ನೋಡಿ, ಇದರಲ್ಲಿ ಏನಿದೆಯೋ ಹೇಳಲಾರೆ, ಮಾತ್ರೆ ಮಾತ್ರ ಬಿಡಬಾರದು ಎಂದರು. ಮಾತ್ರೆಯ ಪಟ್ಟಿ ನೋಡಿದರೆ ದಿನದ ಲೆಕ್ಕಕ್ಕೆ ಸರಿಯಾಗಿ ಖಾಲಿಯಾಗುತ್ತಿತ್ತು. ಹಾಗಾದರೆ ಪುಡಿಯಲ್ಲೇ ಸಕ್ಕರೆಯಿದೆಯೋ ಏನೋ ಎಂದುಕೊಂಡೆ. ಅದೂ ಸಾಲದೆ, ಅಮ್ಮ ಸ್ನಾನಕ್ಕೆ ಹೋದಾಗ ಅವರ ಬೀರು ತೆಗೆದು ಸೀರೆಗಳ ಸಂದಿಯಲ್ಲೆಲ್ಲ ಕೈ ಹಾಕಿ ನೋಡಿದೆ. ಬೆಲ್ಲದ ಅಚ್ಚು, ಬಿಸ್ಕತ್ತು, ಏನಾದರೂ ಸಿಗುತ್ತದೆ ಎಂದು. ಸಿಕ್ಕಿದ್ದು ನಾಫ್ತಲಿನ್ ಗುಳಿಗೆ. ತಿರುಗಿದರೆ ಬಾಗಿಲಲ್ಲಿ ನಮಿತಾ.

"ಪಾಟಿ ಎನ್ನ ತಿರುಡಿಯಾ?" ಎಂದು ಕೇಳಿದಳು. ಅಜ್ಜಿ ಏನು ಕಳ್ಳಿಯಾ ಅಂತ. ಕನ್ನಡದಲ್ಲಿ ಕೇಳಿದ್ದರೆ ಗದರಿಸಿಬಿಡುತ್ತಿದ್ದೆನೇನೋ. ಆ ತಮಿಳಿಗೆ ಬೀರು ಮುಚ್ಚಿ ಅಡುಗೆಮನೆಗೆ ಹೋದೆ. ಎರಡು ದಿನ ಅವಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ದೀಪಾವಳಿಯ ಬೆಳಿಗ್ಗೆ ಎಣ್ಣೆಸ್ನಾನವಾಯಿತು. ಲೇಹ್ಯವನ್ನು ಅಮ್ಮನೇ ಕಲಸಿದ್ದರು, ಶುಂಠಿ, ಮೆಣಸು, ಓಮ ಎಲ್ಲ ಕುಟ್ಟಿ. ಬೆಲ್ಲ ಹಾಕುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನ ಮುಖ ನೋಡಿ, "ಏನ್ಮಾ ಸುಮೇಧಾ, ನನ್ನ ಮೇಲೆ ಸಂದೇಗ ಪಡ್ತೀಯಾ?" ಎಂದು ನಕ್ಕರು. ನಾನು ನಗಲಿಲ್ಲ. ಉಗುರಿನಷ್ಟು ಲೇಹ್ಯ ಮಾತ್ರ ಅವರ ಕೈಗೆ ಹಾಕಿದೆ.

ಅಂದು ಅವರು ಕೂತಲ್ಲಿ ಕೂರಲಿಲ್ಲ. ಹೊಸ ಸೀರೆ ಉಟ್ಟು ಬಾಲ್ಕನಿಗೆ ಹೋಗುವುದು, ಬರುವುದು, ನೀರು ಕುಡಿಯುವುದು, ಬಚ್ಚಲಿಗೆ ಹೋಗುವುದು, ಮತ್ತೆ ಬಾಲ್ಕನಿ. ಬಾಲ್ಕನಿಯಲ್ಲಿ ಏನಾದರೂ ಬಚ್ಚಿಟ್ಟಿದ್ದಾರೆಯೇ ಎಂದು ನಾನು ತುಳಸಿ ಕುಂಡದ ಹಿಂದೆ ಕೂಡ ನೋಡಿ ಬಂದೆ. ಅಷ್ಟು ನೀರು ಯಾಕೆ ಕುಡಿಯುತ್ತಿದ್ದಾರೆ ಎಂದು ಯೋಚಿಸಬೇಕಾದವಳು ನಾನು ಕುಂಡದ ಹಿಂದೆ ಹುಡುಕುತ್ತಿದ್ದೆ.

ಊಟಕ್ಕೆ ಹಯಗ್ರೀವ ಮಾಡಿದ್ದೆ, ಬೆಲ್ಲ ಕಡಿಮೆ ಹಾಕಿ, ಒಂದು ಬಟ್ಟಲಾಗುವಷ್ಟು. ಅಮ್ಮನಿಗೆ ಕೊಡುವ ಹಾಗಿಲ್ಲ, ನಮಿತಾ ಮುಟ್ಟುವುದಿಲ್ಲ, ನನಗೆ ಅಷ್ಟಕ್ಕಷ್ಟೆ. ಹಬ್ಬವೆಂದರೆ ಹಯಗ್ರೀವ ಮಾಡುವುದು ಈ ಮನೆಯ ರೂಢಿ, ಅದಕ್ಕೆ ಮಾಡಿದೆ. ಬೇರೇನೂ ಇಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಅಮ್ಮ ನಮಿತಾಳನ್ನು "ಸಂಜು" ಎಂದು ಕರೆದರು. ತಮಾಷೆಯೆಂದುಕೊಂಡು ಅವಳು ನಕ್ಕಳು. ಅಮ್ಮ ಮತ್ತೆ, "ಯಾವಾಗ ಬಂದೆ ಸಂಜು? ಬ್ಯಾಗ್ ಎಲ್ಲಿ?" ಎಂದು ಕೇಳಿ ಅವಳ ಭುಜ ಹಿಡಿದುಕೊಳ್ಳಲು ಹೋಗಿ ಹಾಗೆಯೇ ಕುಸಿದರು. ನಾಲಿಗೆ ಒಣಗಿ ಮರದ ಚಕ್ಕೆಯ ಹಾಗಿತ್ತು. ಮೋನಪ್ಪ ಓಡಿಬಂದು, ನಾನು ಅವನಿಗೆ ಅಷ್ಟು ಅಂದಿದ್ದರೂ, ಆಟೋ ಹಿಡಿದು ಅಮ್ಮನನ್ನು ಕೆಳಗಿಳಿಸಿದ. ಬೀದಿ ತುಂಬ ಸರಪಟಾಕಿ. ಪ್ರತಿ ತಿರುವಿನಲ್ಲೂ ಆಟೋದವನು ನಿಂತು ನಿಂತು ಹೋಗಬೇಕಾಯಿತು. ನಮಿತಾ ಅಜ್ಜಿಯ ಎರಡೂ ಕಿವಿಗಳನ್ನು ಕೈಯಿಂದ ಮುಚ್ಚಿ ಹಿಡಿದುಕೊಂಡೇ ಇದ್ದಳು.

ಆಸ್ಪತ್ರೆಯಲ್ಲಿ ಅವರ ಯಂತ್ರಕ್ಕೂ ಮೀರಿದ ಶುಗರ್ ಎಂದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಮಾತ್ರೆ ಸರಿಯಾಗಿ ತಗೊಳ್ತಿದ್ದರಾ ಎಂದು ಕೇಳಿದಾಗ ನಾನು ಜೋರಾಗಿಯೇ ಹೌದೆಂದೆ.

ನರ್ಸ್ ಅಮ್ಮನ ಹೊಸ ಸೀರೆಯನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟಳು. ಸೆರಗಿನ ತುದಿಯಲ್ಲಿ ಒಂದು ಗಂಟು. ಬಿಚ್ಚಿದರೆ ಒಳಗೆ ಮಾತ್ರೆಗಳು, ಹಳೆಯ ಸೀರೆಯ ಗಂಟಿನಿಂದ ಇದಕ್ಕೆ ಸಾಗಿಸಿದ್ದಿರಬೇಕು. ಅಂದಿನದು, ಹಿಂದಿನ ದಿನದ್ದು, ಅದಕ್ಕೂ ಹಿಂದಿನದು, ಕೆಲವು ಬೆವರಿಗೆ ಕರಗಿ ಪುಡಿಯಾಗಿದ್ದವು. ನಾನು ನೀರಿನ ಲೋಟ ಕೊಟ್ಟು ಎದುರಿಗೇ ನಿಲ್ಲುತ್ತಿದ್ದೆ. ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ಸೆರಗಿಗೆ ಇಳಿಸುತ್ತಿದ್ದರು. ಎಲ್ಲ ಕಡೆ ಹುಡುಕಿದವಳು ಕಣ್ಣೆದುರಿನದನ್ನು ನೋಡಿರಲಿಲ್ಲ.

ಮೂರನೆಯ ದಿನ ಅವರಿಗೆ ಪೂರ್ತಿ ತಿಳಿವು ಬಂದ ಮೇಲೆ ಕೇಳಿದೆ. ಯಾಕಮ್ಮ ಹೀಗೆ ಮಾಡಿದಿರಿ, ಅವರು ಹೇಳಿದರಾ ಮಾತ್ರೆ ಬಿಡು ಅಂತ? ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. "ಸಂಜುನ್ನ ಏನೂ ಅನ್ನಬೇಡ ಮಾ," ಎಂದರು, ಅಷ್ಟೆ. ಅದಕ್ಕಿಂತ ಹೆಚ್ಚು ಸಾಕ್ಷಿ ನನಗೆ ಬೇಕಾಗಿಲ್ಲ. ದಿನಾ ಫೋನಿನಲ್ಲಿ ನೀವು ಹೇಳಿದಿರಿ, ಪುಡಿ ಕುಡಿ, ಮಾತ್ರೆ ಬಿಡು ಅಂತ. ಅಚ್ಚು ಹಾಕಿಸಿದ ಕಾಗದದಲ್ಲೇ ಹೇಳುವವರು ಫೋನಿನಲ್ಲಿ ಹೇಳದೆ ಇರುತ್ತೀರಾ? ನಿಮ್ಮ ಮೇಲಿನ ನಂಬಿಕೆಯಿಂದ ಆ ಜೀವ ಹೋಗುತ್ತಿತ್ತು.

ಜಗಳ ಆಡಲು ಬರೆಯುತ್ತಿಲ್ಲ. ನೀವು ಕೆಲಸ ಬಿಟ್ಟದ್ದನ್ನು ನನಗೆ ಹೇಳದೆ ಮಾಡಿದಿರಿ, ನಾನು ನಿಮ್ಮ ಪುಡಿಯನ್ನು ನಿಮ್ಮ ಗೆಳೆಯರ ಎದುರಿಗೆ ಹೀಯಾಳಿಸಿದೆ. ಅದು ನಮ್ಮಿಬ್ಬರದು, ಇರಲಿ. ಇದು ಬೇರೆ. ಮೊದಲನೆಯದು, ಪುಡಿ ಕಳಿಸಬೇಡಿ. ಎರಡನೆಯದು, ಒಮ್ಮೆ ಬಂದು ನಿಮ್ಮ ಬಾಯಿಂದಲೇ ಅಮ್ಮನಿಗೆ ಹೇಳಿ, ಮಾತ್ರೆ ತಗೋಬೇಕು ಅಂತ. ನಾನು ಹೇಳಿದರೆ ಕೇಳುತ್ತಾರೆ, ಆದರೆ ಕೇಳಿದ ಹಾಗೆ ನಟಿಸುತ್ತಿದ್ದಾರೋ ಎಂದು ನನಗೆ ಈಗ ದಿನಾ ಭಯ. ಬಾಯಿ ತೆರೆಸಿ ನೋಡುತ್ತೇನೆ. ಅರವತ್ತೆಂಟು ವರ್ಷದವರಿಗೆ ಅದು ಎಷ್ಟು ಅವಮಾನವೋ.

ಈಗಿನ ಕ್ರಮ ತಿಳಿಸುತ್ತೇನೆ. ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ಊಟ. ಹಬ್ಬಕ್ಕೆ ಬಂದ ಸಿಹಿಯನ್ನೆಲ್ಲ ಕೊಟ್ಟುಬಿಟ್ಟೆ. ಆದರೆ ಪೂರ್ತಿ ಬಾಯಿ ಕಟ್ಟಿಸಿಲ್ಲ. ಡಾಕ್ಟರನ್ನು ಕೇಳಿ, ಊಟದ ಜೊತೆಗೆ ಒಂದು ಹೋಳು ಸೀಬೆಹಣ್ಣು ಕೊಡುತ್ತೇನೆ, ಬಹಳ ಹೊತ್ತು ಅಗಿಯುತ್ತಾರೆ. ಸಂಜೆ ಕೊಳದ ಸುತ್ತ ನಾನೇ ಜೊತೆಗೆ ಹೋಗುತ್ತೇನೆ. ಕಾವಲಿಗೆ ಎಂದೇ ಶುರು ಮಾಡಿದ್ದು. ಈಗ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ಹೋಗಿಬರುವವರನ್ನು ನೋಡುತ್ತೇವೆ. ಮೋನಪ್ಪನ ಬಳಿ ಕ್ಷಮೆ ಕೇಳಿದೆ. ಅವನು ಆ ಮಾತನ್ನೇ ಎತ್ತಲು ಬಿಡಲಿಲ್ಲ.

ಒಂದು ಮಾತ್ರ ಅರ್ಥವಾಗುತ್ತಿಲ್ಲ. ಇನ್ನು ಮೇಲೆ ಮನೆಯಿಂದಲೇ ಮಗನಿಗೆ ಫೋನ್ ಮಾಡಿ, ನಾನು ಟೆರೇಸಿಗೆ ಹೋಗಿರುತ್ತೇನೆ ಎಂದು ಅಮ್ಮನಿಗೆ ಹೇಳಿದೆ. "ಬೇಡ ಮಾ, ಅವನಿಗೆ ಕೆಲಸ ಇರತ್ತೆ," ಎಂದರು. ದಿನಾ ಮಾತಾಡುತ್ತಿದ್ದವರು ಈಗ ಫೋನಿನ ಹತ್ತಿರವೂ ಹೋಗುವುದಿಲ್ಲ. ನೀವೇನಾದರೂ ಅಂದಿರಾ? ಅಂದಿದ್ದರೆ ಬಂದು ಸರಿ ಮಾಡಿ.

ನಮಿತಾ ಚೆನ್ನಾಗಿದ್ದಾಳೆ. ನೀವು ಬರುವುದಾದರೆ ಶನಿವಾರ ಭಾನುವಾರ ಬನ್ನಿ, ಅವಳಿಗೂ ರಜೆ ಇರುತ್ತದೆ. ನನಗೂ ಸ್ಕೂಲಿಲ್ಲ, ಆದರೆ ಅದು ಮುಖ್ಯವಲ್ಲ.

ಅಮ್ಮನ ಜವಾಬ್ದಾರಿ ಹೊತ್ತಿರುವ,
ಸುಮೇಧಾ

ಮರೆತದ್ದು: ಕೊನೆಯಲ್ಲಿ ತಾವೂ ನಾಲ್ಕು ಸಾಲು ಬರೆಯುತ್ತೇನೆ ಎಂದು ಅಮ್ಮ ಕೇಳುತ್ತಿದ್ದಾರೆ. ನಾನು ನೋಡಬಾರದಂತೆ. ಕವರು ಅಂಟಿಸುವುದೂ ಅವರೇ ಅಂತೆ. ಓದುವುದಿಲ್ಲ ಎಂದು ಮಾತು ಕೊಟ್ಟು ಪೆನ್ನು ಕೊಟ್ಟಿದ್ದೇನೆ. ಈ ಒಂದು ಸಲ ನೋಡುವುದಿಲ್ಲ.

ಸಂಜು, ಅಮ್ಮ ಬರೀತಿದೀನಿ. ಕೈ ನಡುಗತ್ತೆ, ಅಕ್ಷರ ಕೋಣಲಾಗಿ ಸೊಟ್ಟಗಿದ್ದರೆ ನಿಧಾನ ಓದು. ನಿನ್ನ ಪುಡಿ ನಾನು ಒಂದು ದಿನವೂ ಕುಡಿದಿಲ್ಲಪ್ಪ, ಅಷ್ಟು ಕಹಿ. ಸಿಂಕಿಗೆ ಸುರೀತಿದ್ದೆ. ಮಾತ್ರೆ ಬಿಡು ಅಂತ ನೀನು ಹೇಳಲಿಲ್ಲ, ನಾನೇ ಬಿಟ್ಟೆ. ಶುಗರ್ ಕೊಂಚ ಏರಿದರೆ ಅಮ್ಮನಿಗೆ ಹುಷಾರಿಲ್ಲ ಅಂತ ಹಬ್ಬಕ್ಕಾದರೂ ಬರ್ತೀಯ ಅಂದುಕೊಂಡೆ. ಇಷ್ಟು ದೂರ ಹೋಗತ್ತೆ ಅಂತ ತಿಳೀಲಿಲ್ಲ. ಮಗೂನ ಹೆದರಿಸಿಬಿಟ್ಟೆ. ಮೋನಪ್ಪನ ಫೋನಲ್ಲಿ ನೀನು ಸಿಕ್ಕಿದ್ದು ಒಂದೇ ಸಲ. ಬಾಕಿ ದಿನವೆಲ್ಲ ನಿನ್ನ ಆಫೀಸಿನ ಹುಡುಗಿ ತೆಗೆದು, ಸಾರ್ ಇಲ್ಲೆ ಪಾಟಿ, ಸಾಪ್ಟಾಚ್ಚಾ ಅಂತ, ನೀನಿಲ್ಲ ಅಂದು ನನ್ನ ಊಟ ಆಯ್ತಾ ಕೇಳೋಳು. ಸುಮೇಧಾ ಮುಂದೆ ಮಗ ದಿನಾ ಮಾತಾಡ್ತಾನೆ ಅಂತ ಜಂಬ ಹೇಳಿಕೊಂಡೆ. ಪಾಪ, ಅವಳು ಅದನ್ನ ನಂಬಿ ನಿನ್ನ ಮೇಲೆ ತಪ್ಪು ಹೊರಿಸಿದಾಳೆ. ನೀನು ಬಂದ ಮೇಲೆ ನಾನೇ ಅವಳಿಗೆ ಎಲ್ಲ ಹೇಳ್ತೀನಿ, ಬರೋವರೆಗೂ ನೀನು ಬೈಸಿಕೊಂಡಿರು. ಎಂಟು ತಿಂಗಳಾದ ಮೇಲೆ ಅವಳು ನಿನಗೆ ಬರೆದ ಕಾಗದ ಇದು, ಕೋಪದಲ್ಲೇ ಆಗಲಿ.

ಮಾತ್ರೆ ಈಗ ನಿಜವಾಗಿ ನುಂಗ್ತಿದೀನಿ. ನನಗೆ ಚೆನ್ನಾಗಿದೆ. ಆದರೂ ಬಾ.